ಮೊದಲ ದಿನದ ಬಟ್ಟೆ

ನೆಲ ಅದುರಿತು, ಚಪ್ಪಲಿ ಬಿಟ್ಟ ಅಂಗಾಲಿಗೆ ಮೊದಲು ಗೊತ್ತಾಯಿತು, ಆಮೇಲೆ ಮಷೀನಿನ ಮೇಜಿಗೆ, ಮೇಜಿನಿಂದ ಅಂಗೈಗೆ — ಮೇಡಂ ಮೈಕಿನ ತಲೆಯ ಮೇಲೆ ಬೆರಳಿನಿಂದ ತಟ್ಟುತ್ತಿದ್ದಾರೆ, ತುಟಿ ಹಲೋ ಅನ್ನುತ್ತಿದೆ, ಮತ್ತೆ ಹಲೋ, ಕೇಳಿಸ್ತಿದೆಯಾ, ಎಲ್ರಿಗೂ ಕೇಳಿಸ್ತಿದೆಯಾ, ಯಾರನ್ನು ಕೇಳುತ್ತಿದ್ದಾಳೆ ಈ ಮಹಾತಾಯಿ, ಈ ಹಾಲಿನಲ್ಲಿ ಮಷೀನಿನ ಮುಂದೆ ಕೂತ ಒಬ್ಬಳಿಗೂ ಕೇಳಿಸುವುದಿಲ್ಲ, ಕೇಳಿಸುವಂತಿದ್ದರೆ ಯಾರು ಬರುತ್ತಿದ್ದರು ಇಲ್ಲಿಗೆ, ಖಾಲಿ ಕುರ್ಚಿಗಳಿಗೆ ಕೇಳಿಸಿದರೆ ಸಾಕೇನೋ, ಅತಿಥಿಗಳು ಇನ್ನೂ ಬಂದಿಲ್ಲ. ಮನಸ್ಸಿನಲ್ಲಿ ಮೇಡಂಗೆ ಏಕವಚನ, ಸಿಟ್ಟು ಇಳಿದಾಗ ಬಹುವಚನ, ಯಾರಪ್ಪನ ಗಂಟೇನು ಹೋಗಬೇಕು, ಸನ್ನೆಯಲ್ಲಿ ಎರಡೂ ಒಂದೇ: ಮೂಗಿನ ತುದಿಗೆ ತೋರುಬೆರಳು ಮುಟ್ಟಿಸಿದರೆ ಮೇಡಂ, ಅವರ ಕನ್ನಡಕ ಯಾವಾಗಲೂ ಅಲ್ಲಿಗೇ ಜಾರಿರುತ್ತದೆ. ಪಕ್ಕದ ಮಷೀನಿನವಳ ಹೆಸರು ಕಿವಿಯ ಹತ್ತಿರ ಬೆರಳು ಸುತ್ತಿಸಿದರೆ ಬಂತು, ಗುಂಗುರು. ತನ್ನದು ಗಲ್ಲಕ್ಕೆ ಒಂದು ಚುಕ್ಕೆ, ಮಚ್ಚೆ. ಅಪ್ಪ ಅಮ್ಮ ಯೋಚಿಸಿ ಯೋಚಿಸಿ ಇಟ್ಟ ಹೆಸರು ಎದುರು ಗೋಡೆಗೆ ಹಾಕಿದ ಬೋರ್ಡಿನ ಮೇಲಿನ ಚೀಟಿಯಲ್ಲಿದೆ, ಎರಡು ಬಟ್ಟೆಗಳ ಕೆಳಗೆ, ಎಡಗಡೆ ಮೊದಲ ದಿನದ ಬಟ್ಟೆ, ಬಲಗಡೆ ಕೊನೆಯ ದಿನದ ಬಟ್ಟೆ, ಹೀಗೆ ಒಬ್ಬೊಬ್ಬರಿಗೂ ಎರಡೆರಡು, ಎಡಗಡೆಯದೆಲ್ಲ ಸೊಟ್ಟ, ಬಲಗಡೆಯದೆಲ್ಲ ನೆಟ್ಟಗೆ, ನೋಡಿದವರು ಅಯ್ಯೋ ಪಾಪ, ಎಷ್ಟು ಬೇಗ ಕಲಿತುಬಿಟ್ಟಿದಾವೆ ಅನ್ನಬೇಕು. ಅನ್ನುತ್ತಾರೆ ಕೂಡ. ಕಲಿತಿದಾವೆ ಅಂತಲೇ ಅನ್ನುತ್ತಾರೆ, ಕಲಿತಿದಾರೆ ಅಂತಲ್ಲ, ಅವಳು ತುಟಿ ಓದಬಲ್ಲಳು, ಅದು ಅವರಿಗೆ ಗೊತ್ತಿಲ್ಲ.

ಎಡಗಡೆಯ ಆ ಬಟ್ಟೆ, ತನ್ನ ಹೆಸರಿನ ಮೇಲಿರುವುದು, ಬೆಳಿಗ್ಗೆ ಹೊಲಿದದ್ದು. ಸೂಜಿಯ ಬಿಸಿ ಇನ್ನೂ ಆರಿರಲಿಕ್ಕಿಲ್ಲ. ಬಾಗಿಲು ತೆಗೆಯುವ ಹೊತ್ತಿಗೇ ಮೇಡಂ ಬಂದು ಭುಜ ತಟ್ಟಿ ಒಂದು ಬಿಳಿ ತುಂಡು ಕೈಗಿಟ್ಟು, ಸೊಟ್ಟಗೆ ಹೊಲಿ ಅಂದರು, ಬೆರಳನ್ನು ಗಾಳಿಯಲ್ಲಿ ಹಾವಿನ ಹಾಗೆ ಹರಿಸಿ ತೋರಿಸಿದರು, ಯಾಕೆ ಅಂದದ್ದಕ್ಕೆ ನಿನ್ನ ಮೊದಲ ದಿನದ ಬಟ್ಟೆ ನೆಟ್ಟಗಿದೆಯಲ್ಲೇ, ಅದನ್ನ ಹೇಗೆ ಹಾಕಲಿ ಅಂತ ನಕ್ಕರು. ನೆಟ್ಟಗಿರದೆ ಇನ್ನೇನಿರುತ್ತದೆ, ಇದೇ ಹಾಲಿನಲ್ಲಿ, ಇದೇ ಕಿಟಕಿಯ ಪಕ್ಕ, ನಾಲ್ಕು ವರ್ಷದ ಹಿಂದೆಯೇ ಹೊಲಿಗೆ ಕಲಿತವಳು, ಆವತ್ತಿನ ನಿಜವಾದ ಸೊಟ್ಟ ಬಟ್ಟೆ ಬೀರುವಿನಲ್ಲಿ ಇಲಿ ತಿಂದು ಹೋಯಿತು. ಆಮೇಲೆ ಮೇಣದಬತ್ತಿ ಕಲಿತಳು, ಆಮೇಲೆ ಕಾಗದದ ಚೀಲ, ಆಮೇಲೆ ಮತ್ತೆ ಹೊಲಿಗೆ. ಹಣ ಕೊಡುವವರು ಕಲಿಸುವುದಕ್ಕೆ ಕೊಡುತ್ತಾರೆ, ಕೆಲಸ ಕೊಡಿಸುವುದಕ್ಕಲ್ಲ, ಬ್ಯಾಚ್ ತುಂಬಬೇಕು, ಊರಿನಲ್ಲಿ ಅಷ್ಟೊಂದು ಕಿವುಡಿಯರನ್ನು ಎಲ್ಲಿಂದ ತರುವುದು, ಪ್ರತಿ ವರ್ಷ ಹೊಸದಾಗಿ ಹುಟ್ಟಿಸುವುದಕ್ಕಾಗುತ್ತದೆಯೇ, ಅದಕ್ಕೇ ಹಳಬರನ್ನೇ ಮತ್ತೆ ಹೊಸಬರು ಮಾಡುವುದು. ಒಮ್ಮೆ ಕಲಿತವಳನ್ನು ಅದೇ ಕಸುಬಿಗೆ ಮತ್ತೆ ಸೇರಿಸುವ ಹಾಗಿಲ್ಲ, ಅದು ಅವರ ನಿಯಮ, ಆದ್ದರಿಂದ ಬೇರೆ ಯಾರೋ ಎನ್ನಿಸಲೆಂದು ಚೀಟಿಯಲ್ಲಿ ಅಪ್ಪನ ಹೆಸರು ಈ ಸಲ ಹಿಂದಿನಿಂದ ಮುಂದಕ್ಕೆ ಬಂದಿದೆ. ನಮ್ಮ ಉದ್ಯೋಗವೇ ತರಬೇತಿ ಕಣೇ, ನಿವೃತ್ತಿ ಆಗೋವರೆಗೆ ಕಲೀತಾನೇ ಇರ್ತೀವಿ — ಗುಂಗುರು ಒಂದು ದಿನ ಹೀಗೆ ಸನ್ನೆ ಮಾಡಿ, ಮುದುಕಿಯ ಹಾಗೆ ಬೆನ್ನು ಬಗ್ಗಿಸಿ ಸೂಜಿಗೆ ದಾರ ಪೋಣಿಸಿ ತೋರಿಸಿದ್ದಳು, ಎಲ್ಲರೂ ಮಷೀನ್ ನಿಲ್ಲಿಸಿ ನಕ್ಕಿದ್ದರು. ಮಷೀನ್ ನಿಲ್ಲಿಸದೆ ನಗುವುದಕ್ಕೂ ಆಗುವುದಿಲ್ಲ, ಕೇಳಿಸುವ ಹೆಂಗಸರು ಹೊಲಿಯುತ್ತ ಹೊಲಿಯುತ್ತಲೇ ಊರಿನ ಸುದ್ದಿಯೆಲ್ಲ ಆಡುತ್ತಾರೆ, ಇವರಿಗೆ ಕೈ ಬಟ್ಟೆಯ ಮೇಲಿದ್ದರೆ ಬಾಯಿ ಕಟ್ಟಿದ ಹಾಗೆ. ಹೋದ ಸಲ ಬಂದ ಅತಿಥಿಗಳು ಅದನ್ನೇ ಮೆಚ್ಚಿಕೊಂಡು ಹೋದರು, ಎಷ್ಟು ಶಿಸ್ತು ನೋಡಿ, ತಲೆಯೇ ಎತ್ತಲ್ಲ. ಕೈ ಕೆಸರಾದರೆ ಬಾಯಿ ಮೊಸರು ಎಂದು ಎರಡನೇ ಕ್ಲಾಸಿನ ಮೇಷ್ಟ್ರು ಬೋರ್ಡಿನ ಮೇಲೆ ಬರೆಸಿದ್ದರು, ಅವಳಿಗೆ ಕಿವಿ ಇದ್ದ ಕೊನೆಯ ವರ್ಷ ಅದು, ಆಮೇಲೆ ಜ್ವರ, ಆಮೇಲೆ ಎಲ್ಲರ ಬಾಯಿ ಬರಿದೇ ತೆರೆದು ಮುಚ್ಚುವುದು — ಮೇಷ್ಟ್ರ ಆ ಮಾತು ಮಾತ್ರ ಇನ್ನೂ ಅವರ ಮೂಗಿನ ದನಿಯಲ್ಲೇ ಒಳಗಿದೆ, ಆದರೆ ಕೈಯೇ ಬಾಯಿಯಾದವರಿಗೆ ಕೆಸರೂ ಅದಕ್ಕೇ ಮೊಸರೂ ಅದಕ್ಕೇ ಎಂಬುದು ಮೇಷ್ಟ್ರಿಗೆಲ್ಲಿ ಗೊತ್ತಿತ್ತು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ಇವಳು ಕುಣಿಯಬಲ್ಲವಳು, ಕುಂಟು ಅಂತ ಹೇಳಿ ಕುಂಟಿಸಿದರು. ಕಷ್ಟ, ಸೊಟ್ಟಗೆ ಹೊಲಿಯುವುದು ತುಂಬ ಕಷ್ಟ, ಕೈ ತಾನಾಗಿ ಬಟ್ಟೆಯನ್ನು ನೇರಕ್ಕೆ ಎಳೆಯುತ್ತದೆ, ಬೇಡ ಬೇಡ ಎಂದು ಅದನ್ನು ಆಚೆ ಈಚೆ ನೂಕಿ ಹೊಲಿದಳು, ಹೊಲಿಯುತ್ತ ಅಳು ಬಂತು, ನುಂಗಿಕೊಂಡಳು, ಇವತ್ತೊಂದು ದಿನ.

ಇವತ್ತೊಂದು ದಿನ, ಯಾಕೆಂದರೆ ಇವತ್ತು ಯೂನಿಫಾರ್ಮ್ ಹೊಲಿಸುವ ಸಾಹುಕಾರ ಬರುತ್ತಾನೆ, ಶಾಲೆಗಳ ಅಂಗಿ, ಆಸ್ಪತ್ರೆಯ ಕೋಟು, ಅವನ ಕಾರ್ಖಾನೆಯಲ್ಲಿ ಕಾಲರ್ ಹೊಲಿಯುವವಳು ಹೆರಿಗೆಗೆ ಹೋಗಿ ವಾಪಸ್ ಬರಲಿಲ್ಲವಂತೆ, ಒಬ್ಬಳು ಬೇಕಂತೆ, ಒಬ್ಬಳೇ. ಕಾಲರಿನ ಮೂಲೆ ತಿರುಗಿಸುವುದು ಈ ಹಾಲಿನಲ್ಲಿ ಅವಳಿಗೆ ಬಂದಷ್ಟು ಯಾರಿಗೂ ಬರುವುದಿಲ್ಲ, ಇದು ಜಂಬವಲ್ಲ, ಮೇಡಂ ತಮ್ಮ ಮಗನ ಅಂಗಿ ತಂದು ಹೊಲಿಸುವುದು ಇವಳಿಂದಲೇ. ಕೆಲಸ ಸಿಗದಿದ್ದರೆ ದೊಡ್ಡಮ್ಮ. ಹೋದ ವಾರ ಊಟಕ್ಕೆ ಕೂತಾಗ ಅಣ್ಣ ತಟ್ಟೆ ನೋಡಿಕೊಂಡೇ ಅಂದ, ದೊಡ್ಡಮ್ಮ ಹಾಸಿಗೆ ಹಿಡಿದಿದಾಳೆ, ನೋಡ್ಕೊಳ್ಳೋಕೆ ಬಂದೋರೆಲ್ಲ ಅವಳ ಬೈಗುಳ ತಡೀಲಾರದೆ ಓಡಿ ಹೋಗ್ತಿದಾರೆ, ಇವಳಾದ್ರೆ ಏನು ಬೈದ್ರೂ ಕೇಳಿಸಲ್ಲ, ಅವಳಿಗೂ ಅನುಕೂಲ ಇವಳಿಗೂ ಅನುಕೂಲ, ಈ ಕೋರ್ಸು ಮುಗೀಲಿ, ಕೆಲಸ ಗಿಲಸ ಸಿಗದಿದ್ರೆ ಕಳಿಸಿಬಿಡೋಣ, ಅವಳಿಗೆ ಹೇಳು — ಅತ್ತಿಗೆಗೆ ಹೇಳಿದ, ಅವಳಿಗೆ ಹೇಳು ಅಂತ, ಅವಳು ಎದುರಿಗೇ ಕೂತಿದ್ದಳು, ಅಡ್ಡ ಇದ್ದದ್ದು ಒಂದು ನೀರಿನ ಚೊಂಬು. ಅತ್ತಿಗೆ ಕೆಟ್ಟವಳಲ್ಲ, ಪಾತ್ರೆ ತೊಳೆಯುವಾಗ ಸೋಪಿನ ಕೈಯಲ್ಲೇ ಅರೆಬರೆ ಸನ್ನೆ ಮಾಡಿ ಹೇಳಿದಳು, ಹೇಳಿ ಮುಖ ತಿರುಗಿಸಿಕೊಂಡಳು. ಬೇಡ ಅಂತ ಇವಳೂ ಸನ್ನೆ ಮಾಡಿದಳು ಅಣ್ಣನಿಗೆ, ಎರಡು ಸಲ, ಅವನು ಟಿವಿ ನೋಡುತ್ತಿದ್ದ, ಈ ಮನೆಯಲ್ಲಿ ನಿಜವಾದ ಕಿವುಡಿ ಇವಳಾದರೆ ಜಾಣಕಿವುಡು ಅವನದು, ಅದಕ್ಕೆ ಮದ್ದಿಲ್ಲ. ತಿರುಗಿದ ಅವನ ಕಿವಿ ಕಾಣುತ್ತಿತ್ತು, ಮೇಲ್ತುದಿ ಸ್ವಲ್ಪ ಮಡಿಚಿದ್ದು, ಅಪ್ಪನ ಹಾಗೆಯೇ. ಕಿವಿಗಳು ಅವಳಿಗೆ ಚೆನ್ನಾಗಿ ಗೊತ್ತು, ಮುಖಕ್ಕಿಂತ ಚೆನ್ನಾಗಿ. ಹೊಟ್ಟೆ ನೋವೆಂದು ಹೋದಾಗ ಡಾಕ್ಟರು ಇವಳನ್ನು ನೋಡಿ, ಬಾಯಿ ತೆರೆದು, ಇವಳಿಗೆ ಕೇಳಿಸಲ್ಲ ಎಂದು ಗೊತ್ತಾದ ತಕ್ಷಣ ಅತ್ತಿಗೆಯ ಕಡೆ ತಿರುಗಿ ಏನಂತೆ ಇವಳಿಗೆ ಅಂದರು, ಕೂದಲು ಬೆಳೆದ ದಪ್ಪ ಕಿವಿ. ಬಟ್ಟೆ ಅಂಗಡಿಯವನು ಇವಳಿಗೆ ಯಾವ ಬಣ್ಣ ಬೇಕಂತೆ ಎಂದು ಅಣ್ಣನನ್ನು ಕೇಳಿದಾಗ ಕಿವಿಯ ಹಿಂದೆ ಸುಣ್ಣದಂಥ ಬಿಳಿ ಮಚ್ಚೆ. ನೋಡಲು ಬಂದಿದ್ದ ಹುಡುಗ, ಒಬ್ಬನೇ ಒಬ್ಬ ಬಂದಿದ್ದ, ಇವಳಿಗೆ ಒಪ್ಪಿಗೆ ಇದೆಯಾ ಎಂದು ಅವನು ಕೇಳಿದ್ದು ಅಮ್ಮನನ್ನು, ಸಣ್ಣ ಕಿವಿ, ತೊಳೆದು ಬಂದಿದ್ದ, ಸೋಪಿನ ನೊರೆ ಇನ್ನೂ ಅಂಟಿತ್ತು. ಅವಳ ಬಗ್ಗೆ ಮಾತು ಬಂದಾಗಲೆಲ್ಲ ಅವಳ ಕಡೆಗೆ ತಿರುಗುವುದು ಒಂದು ಕಿವಿ, ಕೇಳುವುದಕ್ಕಲ್ಲ, ಬರೀ ಮುಖ ಆಚೆ ಹೋದದ್ದರಿಂದ.

ಬಂದರು. ನೆಲ ಮತ್ತೆ ಅದುರಿತು, ಈ ಸಲ ಬೂಟು, ಚಪ್ಪಲಿ, ಎಳೆದ ಕುರ್ಚಿ. ಹಣ ಕೊಡುವ ಸಂಸ್ಥೆಯ ಹೆಂಗಸು, ಕೂದಲನ್ನು ಕತ್ತಿನವರೆಗೆ ಕತ್ತರಿಸಿಕೊಂಡವಳು, ಬಾಬ್‌ಕಟ್ ಎಂದು ಗುಂಗುರು ಆಗಲೇ ಕತ್ತಿನ ಮೇಲೆ ಕೈ ಅಡ್ಡ ಎಳೆದು ನಾಮಕರಣ ಮಾಡಿದಳು, ತಲೆ ಕತ್ತರಿಸಿದ ಹಾಗೂ ಇತ್ತು ಆ ಸನ್ನೆ, ಇಬ್ಬರೂ ಮೇಜಿನ ಕೆಳಗೆ ನಕ್ಕರು. ಅವಳ ಹಿಂದೆ ಸಾಹುಕಾರ, ಸಣಕಲು ಮೈ, ಎದೆಯ ಜೇಬಿನಲ್ಲಿ ಅಳತೆ ಟೇಪು, ಕಿವಿಯ ಮೇಲೆ ಸಿಕ್ಕಿಸಿದ ಪೆನ್ಸಿಲು, ಸಭೆಗೆ ಬರುವಾಗಲೂ ತೆಗೆದಿಡಬೇಕೆಂದು ನೆನಪಾಗದ ಮನುಷ್ಯ, ಹಾಗಾದರೆ ಕೆಲಸ ಬಲ್ಲವನೇ ಇರಬೇಕು, ಮತ್ತೆ ದೇವರು ದೊಡ್ಡವನು, ಮೀಸೆ ಇಲ್ಲ. ಮೀಸೆಯವರ ಮಾತು ಪರದೆ ಬಿಟ್ಟ ನಾಟಕ, ಅರ್ಧ ಊಹೆ. ಇವನ ತುಟಿ ತೆಳ್ಳಗೆ, ಚೊಕ್ಕ, ಒಂದೊಂದು ಅಕ್ಷರವೂ ಬಿಡಿ ಬಿಡಿ. ಮೇಡಂ ಮೈಕಿನಲ್ಲಿ ಏನೇನೋ ಹೇಳಿದರು, ಸ್ವಾವಲಂಬನೆ ಎಂಬ ಮಾತಿಗೆ ಅವರ ಬಾಯಿ ಯಾವಾಗಲೂ ಮುದ್ದು ಕೊಡುವಂತಾಗುತ್ತದೆ, ಚಪ್ಪಾಳೆಗೆ ಬದಲು ಎರಡೂ ಕೈ ಎತ್ತಿ ಅಲ್ಲಾಡಿಸಿ ಎಂದು ಅತಿಥಿಗಳಿಗೆ ಕಲಿಸಿದರು, ಅವರು ಮಕ್ಕಳ ಹಾಗೆ ನಕ್ಕು ಅಲ್ಲಾಡಿಸಿದರು. ಬಾಬ್‌ಕಟ್ ಬೋರ್ಡಿನ ಮುಂದೆ ನಿಂತು ಎಡ ನೋಡಿ ಬಲ ನೋಡಿ ಕಣ್ಣು ಒರೆಸಿಕೊಂಡಳು, ನಿಜವಾಗಿ ಒರೆಸಿಕೊಂಡಳು, ಅವಳ ಮೇಲೆ ಸಿಟ್ಟು ಮಾಡುವುದಾದರೂ ಹೇಗೆ, ಅವಳು ಕೊಟ್ಟ ಹಣದ ಬಿಸ್ಕತ್ತು ತಿಂದಿಲ್ಲವೇ. ಸಾಹುಕಾರ ಅಳಲಿಲ್ಲ. ಒಂದೊಂದೇ ಬಟ್ಟೆಯನ್ನು ಪಿನ್ನಿನಿಂದ ಬಿಡಿಸಿ, ತಿರುಗಿಸಿ ಹಿಂಬದಿ ನೋಡಿ, ಹೊಲಿಗೆಯನ್ನು ಉಗುರಿನಿಂದ ಗೀರಿ, ಎರಡೂ ಕೈಯಲ್ಲಿ ಎಳೆದು — ಅಬ್ಬ, ಯಾರಾದರೂ ಹಿಂಬದಿ ನೋಡುವವರು ಬಂದರಲ್ಲ ಎಂದು ಅವಳು ಹಿಗ್ಗಿದಳು, ನಾಲ್ಕು ವರ್ಷದಲ್ಲಿ ಹಿಂಬದಿ ನೋಡಿದವನು ಇವನೊಬ್ಬನೇ, ಹತ್ತಿರ ಬಂದ, ಅವಳ ಚೀಟಿಯ ಹತ್ತಿರ, ಬಲಗಡೆಯದನ್ನು ತೆಗೆದ, ಕಾಲರಿನ ಮೂಲೆಗೆ ಹೆಬ್ಬೆರಳು ಒತ್ತಿದ, ತಲೆಯಾಡಿಸಿದ. ತಲೆಯಾಡಿಸಿದ, ನೋಡಿದೆಯಾ, ಅಂದಳು ಗುಂಗುರುವಿಗೆ, ಬೆರಳ ತುದಿಯಲ್ಲೇ. ನೋಡಿದೆ, ಅಂದಳು ಗುಂಗುರು. ಕೆಲಸ ಸಿಕ್ಕರೆ ಒಂದು ಬಾಡಿಗೆ ರೂಮು, ಗುಂಗುರುವಿಗೂ ಜಾಗ ಇರುವಂಥದ್ದು, ಹೊರಗಿನ ಗುಂಡಿ ಒತ್ತಿದರೆ ಒಳಗೆ ಬೆಳಗುವ ಬಲ್ಬು, ಯಾರಾದರೂ ಬಂದರೆ ಗೊತ್ತಾಗುವ ಹಾಗೆ, ದೊಡ್ಡಮ್ಮನ ಮಲದ ವಾಸನೆ ಇಲ್ಲದ್ದು — ಅಷ್ಟರಲ್ಲಿ ಅವನು ಎಡಗಡೆಯದನ್ನೂ ಬಿಡಿಸಿದ.

ಬಿಡಿಸಿ ತಿರುಗಿಸಿದ, ಉಗುರು ಹೊಲಿಗೆಯ ಒಂದು ತುದಿಗೆ ಹೋಗಿ ನಿಂತಿತು, ಮತ್ತೆ ಇನ್ನೊಂದು ತುದಿಗೆ. ಆಗ ಅವಳಿಗೆ ಹೊಳೆಯಿತು: ಎರಡೂ ತುದಿಯಲ್ಲಿ ರಿವರ್ಸ್ ಹಾಕಿದ್ದಾಳೆ, ಹೊಲಿಗೆ ಬಿಚ್ಚಿಹೋಗದಿರಲೆಂದು ಮುಂದೆ ಹೋದ ಸೂಜಿಯನ್ನು ಒಂದಿಷ್ಟು ಹಿಂದಕ್ಕೆ ತಂದು ಬಿಗಿ ಮಾಡುವುದು, ಕೈ ಅಭ್ಯಾಸ, ಸೊಟ್ಟಗೆ ಹೊಲಿ ಎಂದು ಕಣ್ಣಿಗೆ ಹೇಳಿದ್ದಳು, ಹೆಬ್ಬೆರಳಿಗೆ ಹೇಳಿರಲಿಲ್ಲ. ಸಾಹುಕಾರನ ತುಟಿ ಬಿಡಿ ಬಿಡಿಯಾಗಿ ಆಡಿತು, ಏನ್ ಮೇಡಂ, ಮೊದಲನೇ ದಿನ ಸೂಜಿ ಹಿಡಿದೋಳು ಯಾರಾದ್ರೂ ರಿವರ್ಸ್ ಹಾಕ್ತಾಳೇನ್ರೀ, ದಾರದ ಬಿಗಿ ನೋಡಿ, ಒಂದು ಕಡೆ ಸಡಿಲ ಇಲ್ಲ, ಇದನ್ನ ಪಳಗಿದ ಕೈ ಬೇಕಂತಲೇ ಸೊಟ್ಟ ಹೊಲಿದಿದೆ, ನಿಮ್ಮ ಟೀಚರಮ್ಮನೇ ಹೊಲಿದಿರಬೇಕು, ಹಾಗಾದ್ರೆ ಈ ಕಡೇದು, ಈ ಕಾಲರು, ಇದೂ ಅವರದ್ದೇ ಅಲ್ವಾ. ನಗುತ್ತಲೇ ಅಂದ, ಜಗಳ ಮಾಡುವವನಲ್ಲ. ಬಾಬ್‌ಕಟ್ ತಿರುಗಿ ನೋಡಿದಳು, ಕಣ್ಣೀರು ಒರೆಸಿದ ಕರವಸ್ತ್ರ ಇನ್ನೂ ಕೈಯಲ್ಲಿತ್ತು. ಮೇಡಂ ಕನ್ನಡಕವನ್ನು ಮೇಲಕ್ಕೆ ತಳ್ಳಿದರು, ಅದು ಮತ್ತೆ ಜಾರಿತು. ಯಾಕೆ ಊಹೆ, ಆ ಹುಡುಗೀನೇ ಕೇಳಿ, ಎಂದ ಸಾಹುಕಾರ, ಒಳ್ಳೆಯ ಮನುಷ್ಯ, ಅವಳನ್ನೇ ಕೇಳಿ ಅಂದ, ಜೀವನದಲ್ಲಿ ಎಷ್ಟು ಜನ ಅಂದಿದ್ದಾರೆ ಹಾಗೆ. ಮೇಡಂ ಅವಳ ಕಡೆ ತಿರುಗಿ ಕೈ ಎತ್ತಿದರು, ಇದು ಯಾರು ಹೊಲಿದದ್ದು ಎಂದು ಸನ್ನೆಯಲ್ಲಿ ಕೇಳಿದರು, ಕೈ ಅಷ್ಟು ಕೇಳಿತು, ಕಣ್ಣು ಬೇರೆ ಏನೋ ಬೇಡಿತು, ಅವಳಿಗೆ ಕಂಡಿತು, ಕಾಣಲಿ. ಎದ್ದು ನಿಂತಳು. ಎರಡೂ ನಾನೇ ಹೊಲಿದದ್ದು ಎಂದಳು, ಕೈ ಇಷ್ಟು ನೆಟ್ಟಗೆ ಎಂದೂ ಮಾತಾಡಿರಲಿಲ್ಲ, ಸೊಟ್ಟದ್ದು ಇವತ್ತು ಬೆಳಿಗ್ಗೆ ನೀವು ಹೇಳಿದ್ದಕ್ಕೆ ಹೊಲಿದೆ, ನನಗೆ ಹೊಲಿಗೆ ಬಂದು ನಾಲ್ಕು ವರ್ಷವಾಯಿತು, ಒಂದು ತುಂಡು ಬಟ್ಟೆ ಕೊಡಿ, ಇವರ ಕಣ್ಣೆದುರಿಗೇ ಕಾಲರ್ ಹೊಲಿದು ತೋರಿಸುತ್ತೇನೆ. ಸಾಲಿನವರೆಲ್ಲ ನೋಡಿದರು, ಗುಂಗುರು ಹೌದು ಹೌದು ಎಂದು ಮುಷ್ಟಿ ಆಡಿಸಿದಳು. ಹಾಲಿನಲ್ಲಿ ಸನ್ನೆ ಬಲ್ಲ, ಮಾತೂ ಬಲ್ಲ ಮನುಷ್ಯರು ಒಬ್ಬರೇ, ಮೇಡಂ, ಹೊಲಿಗೆ ಟೀಚರ್ ಇವತ್ತು ಬಂದಿಲ್ಲ. ಅವರು ಸಾಹುಕಾರನ ಕಡೆಗೂ ಬಾಬ್‌ಕಟ್ ಕಡೆಗೂ ಮುಖ ಮಾಡಿ, ಸಣ್ಣಗೆ ನಕ್ಕು ಹೇಳಿದ್ದನ್ನು ಇವಳು ಓದಿದಳು, ಒಂದಕ್ಷರ ಬಿಡದೆ ಓದಿದಳು: ಎರಡಕ್ಕೂ ಟೀಚರ್ ಕೈ ಹಿಡಿದು ಹೊಲಿಸಿದ್ರಂತೆ. ಮೊದಲ್ನೇ ದಿನ ಅಲ್ವಾ, ಭಯ ಇತ್ತಂತೆ. ಕಾಲರ್ ಒಬ್ಬಳೇ ಹೊಲಿಯೋಕೆ ಇನ್ನೂ ಧೈರ್ಯ ಇಲ್ವಂತೆ, ಮುಂದಿನ ಬ್ಯಾಚ್‌ಗೂ ಬರ್ತಾಳಂತೆ, ನಿಮಗೆಲ್ಲ ಥ್ಯಾಂಕ್ಸ್ ಹೇಳ್ತಿದಾಳೆ.

ಅಂತೆ. ಅಂತೆ, ಅಂತೆ, ಅಂತೆ. ಇಷ್ಟು ವರ್ಷ ಆ ಬಾಯಿಂದ ಯಾರ್ಯಾರಿಗೆ ಏನೇನು ಹೋಗಿದೆಯೋ, ಪ್ರತಿ ಸಲ ಇವಳ ಕೈ ಒಂದು ಹೇಳಿ ಆ ತುಟಿ ಇನ್ನೊಂದು ಹೇಳಿರಬಹುದು, ಇವಳು ತನ್ನ ಕೈಯ ಕಡೆಗೇ ನೋಡಿಕೊಂಡಿದ್ದಳು, ಹುಚ್ಚಿ, ಅವರ ಬಾಯಿ ನೋಡಬೇಕಿತ್ತು. ಬಾಬ್‌ಕಟ್ ಎರಡೂ ಕೈ ಎತ್ತಿ ಅಲ್ಲಾಡಿಸಿದಳು. ಗುಂಗುರುವೂ ಅಲ್ಲಾಡಿಸಿದಳು, ಪಾಪ, ಹುಟ್ಟು ಕಿವುಡಿ, ತುಟಿ ಓದಲು ಬಾರದು, ಗೆಳತಿಗೆ ಕೆಲಸ ಸಿಕ್ಕಿತು ಎಂದುಕೊಂಡಳು, ಕಣ್ಣು ಹೊಳೆಯುತ್ತಿತ್ತು. ಸಾಹುಕಾರ ಬಟ್ಟೆಯನ್ನು ಪಿನ್ನಿಗೆ ವಾಪಸ್ ಸಿಕ್ಕಿಸುತ್ತಿದ್ದ, ಸರಿ ಹಾಗಾದ್ರೆ ಬೇರೆ ಯಾರಾದ್ರೂ ಇದ್ರೆ ಹೇಳಿ, ಇಲ್ದಿದ್ರೆ ನಾನು ಹೊರಗಡೆ ನೋಡ್ಕೋತೀನಿ — ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ, ಬಾಯಿ ತನ್ನದಾಗಿದ್ದರಲ್ಲವೇ ಬರುವುದು. ತನ್ನದೂ ಒಂದಿದೆ. ಇದೆ, ಗಂಟಲಿನಲ್ಲಿ, ಜ್ವರ ಬರುವ ಮೊದಲು ಮಗ್ಗಿ ಹೇಳಿದ ದನಿ, ಅದಕ್ಕೇನೂ ಆಗಿರಲಿಲ್ಲ, ಹೋದದ್ದು ಕಿವಿ. ಆದರೆ ಕಿವಿಯಿಲ್ಲದ ದನಿ ಹೇಗೆ ಬೆಳೆಯಿತೋ ಯಾರಿಗೆ ಗೊತ್ತು, ಅಮ್ಮ ಸತ್ತ ದಿನ ಬಾಯಿ ಬಿಟ್ಟು ಅಮ್ಮಾ ಎಂದದ್ದಕ್ಕೆ ಅತ್ತಿಗೆಯ ಮಗು ಬೆಚ್ಚಿ ತಾಯಿಯ ಕೊರಳಿಗೆ ಬಿದ್ದು ಅತ್ತಿತು, ಸತ್ತವಳಿಗಾಗಿ ಬಂದವರೆಲ್ಲ ಇವಳನ್ನು ನೋಡಿದರು, ಅಣ್ಣ ಬಾಯಿಯ ಮೇಲೆ ಬೆರಳಿಟ್ಟು ತೋರಿಸಿದ, ಅಂದಿನಿಂದ ಮುಚ್ಚಿದ್ದು. ಈಗ ತೆರೆ. ತೆರೆ, ನಾಳೆ ದೊಡ್ಡಮ್ಮನ ಬಾಗಿಲು ತೆರೆಯುವುದಕ್ಕಿಂತ ಇದು ವಾಸಿ, ಮಾನ ಹೋದರೆ ಹೋಗಲಿ, ಇದ್ದದ್ದಾದರೂ ಎಷ್ಟು. ಮಷೀನಿನ ಆಚೆ ಬಂದಳು, ಮೇಡಂ ಕೈ ಅಡ್ಡ ಚಾಚಿದರು, ತಳ್ಳಿದಳು, ಸಾಹುಕಾರನ ಎದುರಿಗೆ, ಅವನ ಅಳತೆ ಟೇಪು ಕೈಗೆ ಸಿಗುವಷ್ಟು ಹತ್ತಿರ ನಿಂತು ಎಳೆದುಕೊಂಡಳು ಉಸಿರು. ನಾನೇ. ಎದೆಗೂಡು ಅದುರಿತು. ನಾನೇ ಹೊಲಿದಿದ್ದು. ಎರಡೂ. ನಾನೇ. ಗಂಟಲು ಗೀರಿತು, ಎಷ್ಟು ಜೋರೋ ಎಷ್ಟು ಮೆಲ್ಲಗೋ ತಿಳಿಯಲಿಲ್ಲ, ಅಕ್ಷರಗಳು ನೆಟ್ಟಗೆ ಹೋದವೋ ಸೊಟ್ಟಗೆ ಹೋದವೋ, ಬಾಬ್‌ಕಟ್ ಕೈ ಕೆಳಗಿಳಿಯಿತು, ಯಾರೋ ಟೀ ಲೋಟ ಹಿಡಿದವರು ಹಿಡಿದ ಹಾಗೇ ನಿಂತರು, ಆದರೆ ಸಾಹುಕಾರ ನೋಡುತ್ತಿದ್ದ, ಅವಳನ್ನೇ, ಮುಖಕ್ಕೆ ಮುಖ, ಹುಬ್ಬು ಕೂಡಿಸಿ, ತಿಳಿದುಕೊಳ್ಳಬೇಕೆಂದು ನಿಜವಾಗಿ ಪ್ರಯತ್ನಪಡುತ್ತಿದ್ದ, ಇನ್ನೊಂದು ಸಲ, ಇನ್ನೊಂದೇ ಸಲ ಹೇಳಿದರೆ ತಿಳಿಯುತ್ತದೆ, ನಾನೇ ಎಂದು ಬೆರಳನ್ನು ಎದೆಗೆ ಒತ್ತಿಕೊಂಡು ಬಾಯಿ ತೆರೆದಳು, ಅವನ ತೆಳ್ಳನೆಯ ತುಟಿ ಆಡಿತು, ಏನಂತೆ ಇವಳದು, ಮುಖ ತಿರುಗಿತು, ಮೇಡಂ ಕಡೆಗೆ, ಪೂರ್ತಿ ತಿರುಗಿತು, ಮೇಡಂ ಬಾಯಿ ಅವನ ತಲೆಯ ಮರೆಗೆ ಹೋಯಿತು, ಅಲ್ಲಿ ಏನು ಹೇಳುತ್ತಿದ್ದಾರೋ ಕಾಣುವುದಿಲ್ಲ, ಅವನ ತಲೆ ಮೆಲ್ಲಗೆ ಹೂಂ ಎನ್ನುತ್ತಿದೆ, ಕಾಣುವುದು ಕಿವಿ, ಪೆನ್ಸಿಲ್ ಸಿಕ್ಕಿಸಿದ ಕಿವಿ, ತುದಿ ಚೂಪಾಗಿ ಹೆರೆದ ಪೆನ್ಸಿಲು, ಅದರ ಕೆಳಗೆ ಕಿವಿ, ಒಳ್ಳೆಯ ಕಿವಿ, ಯಾವ ಊನವೂ ಇಲ್ಲದ ಕಿವಿ, ಅವಳ ಕಡೆಗೆ, ಇಷ್ಟು ಹತ್ತಿರ, ಕಿವಿ.